ಹೌನ್ಸ್ಲೋದ ಕುಂಬಾರರ ಮನೆ

ಲಂಡನ್ನಿನ ಹೌನ್ಸ್ಲೋದಲ್ಲಿರುವ ನಮ್ಮ ಲೈಬ್ರರಿಯ ಓದುಗರ ಗುಂಪಿನಲ್ಲಿ ನಾನು ಬಾಯಿ ಮುಚ್ಚಿ ಕೂರುವವಳೇನಲ್ಲ. ಆದರೂ ಆ ಶನಿವಾರ ಕೂಗಿದಷ್ಟು ಜೋರಾಗಿ ಹಿಂದೆಂದೂ ಕೂಗಿರಲಿಲ್ಲ. ನಾವು ಓದಲು ಹಿಡಿದಿದ್ದು ಹತ್ತೊಂಬತ್ತನೆಯ ಶತಮಾನದ ಒಬ್ಬ ರಷ್ಯನ್ ಕಾದಂಬರಿಕಾರನ ದಪ್ಪ ಪುಸ್ತಕ. ಗುಂಪಿನಲ್ಲಿ ರಷ್ಯಾದಲ್ಲೇ ಹುಟ್ಟಿ ಬೆಳೆದ ಒಬ್ಬ ಹೆಂಗಸಿದ್ದಾರೆ. ವಯಸ್ಸು ನನ್ನಷ್ಟೇ, ನಗು ನನಗಿಂತ ಜೋರು. ಬಿಸ್ಕತ್ತಿನ ಡಬ್ಬಿ ಕೈಯಿಂದ ಕೈಗೆ ಹೋಗುತ್ತಿದ್ದಾಗ ಅವರು ಮಾತಿನ ನಡುವೆ ಹೇಳಿದರು: ಈ ಲೇಖಕನ ಸರ್‌ನೇಮ್ ಇದೆಯಲ್ಲ, ಅದಕ್ಕೆ ನಮ್ಮ ಭಾಷೆಯಲ್ಲಿ ಕುಂಬಾರನ ಮನೆಯವನು ಎಂದರ್ಥ.

“ನಂದೂ ಅದ!” ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಕನ್ನಡದಲ್ಲಿ, ಅದೂ ನಮ್ಮ ಧಾರವಾಡ ಕಡೆಯ ಕನ್ನಡದಲ್ಲಿ. ಎಲ್ಲರೂ ಬೆಚ್ಚಿಬಿದ್ದರು. ಆಮೇಲೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದೆ, ನನ್ನ ಸರ್‌ನೇಮಿಗೂ ಅದೇ ಅರ್ಥ ಅಂತ. ರಷ್ಯಾದ ಗೆಳತಿ ಎದ್ದು ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟರು. ನನಗಂತೂ ಆ ದಿನ ನೆಲಕ್ಕೆ ಕಾಲು ತಾಗಲಿಲ್ಲ.

ಇಲ್ಲಿ ನಾನು ಯಾರ ಹೆಸರನ್ನೂ ಬರೆಯುವುದಿಲ್ಲ, ಆ ದೊಡ್ಡ ಲೇಖಕನದ್ದೂ ಸೇರಿ. ಒಬ್ಬರದು ಬರೆದರೆ ಬೀಗರು ಬಿಜ್ಜರೆಲ್ಲ ‘ನಮ್ಮದ್ಯಾಕೆ ಬಿಟ್ಟೆ’ ಎಂದು ಫೋನ್ ಹಚ್ಚುತ್ತಾರೆ. ಕುಂಬಾರ ಎನ್ನುವ ಒಂದು ಹೆಸರು ಈ ಬರಹಕ್ಕೆ ಸಾಕು.

ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಸರ್‌ನೇಮಿಗೆ ಅಡ್ಡಹೆಸರು ಅನ್ನುತ್ತಾರೆ. ಮನೆಯ ಕಸುಬೋ ಹೊಲದ ಬೆಳೆಯೋ ಅಡ್ಡಹೆಸರಾಗಿ ಅಂಟಿಕೊಂಡುಬಿಡುತ್ತದೆ. ಬಡಿಗನ ಮನೆ, ಗಾಣಿಗನ ಮನೆ, ಮೆಣಸಿನಕಾಯಿಯವರ ಮನೆ. ನಮ್ಮದು ಕುಂಬಾರರ ಮನೆ. ಅಪ್ಪ ತಿಗರಿ ತಿರುಗಿಸಿ ಗಡಿಗೆ ಎತ್ತುತ್ತಿದ್ದ. ತಿಗರಿಯ ಹತ್ತಿರ ಹೆಂಗಸರು ಕೂರುವಂತಿರಲಿಲ್ಲ. ಆದರೆ ತಿಗರಿಯಿಂದ ಇಳಿದ ಗಡಿಗೆಗೆ ಬುಡವೇ ಇರುತ್ತಿರಲಿಲ್ಲ, ಬಳೆಯ ಹಾಗೆ ಕೆಳಗೂ ಬಾಯಿ ತೆರೆದೇ ಇರುತ್ತಿತ್ತು. ಅದನ್ನು ಅರ್ಧ ಒಣಗಿಸಿ, ಒಳಗೆ ಎಡಗೈಯಲ್ಲಿ ದುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಬುಡ ಕೂಡಿಸುತ್ತಿದ್ದವಳು ಅವ್ವ. “ನಿಮ್ಮಪ್ಪ ಮಾಡೂದು ಬರೀ ಬಳಿ. ಗಡಿಗಿ ಮಾಡಾಕಿ ನಾನು” ಎಂದು ಅವಳು ಅಪ್ಪನ ಮುಂದೆಯೇ ಅನ್ನುತ್ತಿದ್ದಳು. ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಶಾಲೆಯಲ್ಲಿ ‘ಮಣ್ಣು ತುಳಿಯೋರು’ ಎಂದು ಅಂದವರಿದ್ದರು, ಸುಳ್ಳೇಕೆ ಹೇಳಲಿ. ಆದರೆ ಮದುವೆ ಸುಗ್ಗಿ ಬಂತೆಂದರೆ ಅಂದವರ ಮನೆಯವರೇ ನಮ್ಮ ಬಾಗಿಲಿಗೆ ಬರಬೇಕಿತ್ತು. ನಮ್ಮ ಕಡೆ ಐರಾಣಿ ಇಲ್ಲದೆ ಮದುವೆ ನಡೆಯುವುದಿಲ್ಲ. ಐರಾಣಿ ಎಂದರೆ ಸುಣ್ಣ ಕೆಮ್ಮಣ್ಣಿನ ಗೆರೆ ಬರೆದ ಮದುವೆಯ ಗಡಿಗೆಗಳು. ಅವನ್ನು ಆಳು ಕಳಿಸಿ ತರಿಸುವಂತಿಲ್ಲ. ಎಂಥಾ ದೊಡ್ಡ ಮನೆಯಾಗಲಿ, ವಾದ್ಯ ಊದಿಸಿಕೊಂಡು, ಅಕ್ಕಿ ಕಾಯಿ ಖಣ ಹಿಡಿದುಕೊಂಡು, ಮನೆಯ ಹಿರಿಯ ಹೆಂಗಸರೇ ಕುಂಬಾರರ ಬಾಗಿಲಿಗೆ ನಡೆದು ಬಂದು, ತಿಗರಿಗೆ ಅರಿಷಿಣ ಕುಂಕುಮ ಹಚ್ಚಿ, ಕೇಳಿ ಒಯ್ಯಬೇಕು.

ಅವತ್ತಿನ ಅವ್ವನ ಠೀವಿ ನೋಡಬೇಕಿತ್ತು! ಓಣಿಯ ತುದಿಯಲ್ಲಿ ವಾದ್ಯ ಕೇಳಿದ ಮೇಲೆಯೇ ಅವಳು ಬಾಚಣಿಗೆ ಹುಡುಕುತ್ತಿದ್ದಳು. ಊರ ಗೌಡರ ಹೆಂಡತಿ ರೇಷ್ಮೆ ಸೀರೆಯಲ್ಲಿ ಬಿಸಿಲಿಗೆ ನಿಂತಿರುತ್ತಿದ್ದರು, ಇವಳು ಒಳಗೆ ಸಾವಕಾಶ ತುರುಬು ಕಟ್ಟುತ್ತಿದ್ದಳು. ವಾದ್ಯ ನಿಲ್ಲುತ್ತಿತ್ತು. ಬಂದವರು ಕೂಗುತ್ತಿದ್ದರು: “ಕುಂಬಾರ್ರ ಮನಿಯವರ, ಐರಾಣಿ ಕೊಡ್ರಿ!” ಕಿವಿ ಕೇಳದವಳಂತೆ ಅವ್ವ ಒಳಗಿನಿಂದ: “ಯಾರು? ಕೇಳವಲ್ದು!” ಇನ್ನೂ ಜೋರಾಗಿ ಕೂಗುತ್ತಿದ್ದರು. ಆಗ ಅವಳು ಹೊಸ್ತಿಲಿಗೆ ಬಂದು, “ಅದೀವಿ, ಕುಂಬಾರ್ರು ಅದೀವಿ. ಒಳಗ ಬರ್ರಿ” ಎನ್ನುತ್ತಿದ್ದಳು. ಲಂಗದ ಚುಂಗು ಹಿಡಿದು ಅವಳ ಪಕ್ಕ ನಿಂತ ನನ್ನ ಎದೆ ಉಬ್ಬುತ್ತಿದ್ದುದು ಈಗಲೂ ನೆನಪಿದೆ.

ಆ ಹೆಸರನ್ನು ಹೊತ್ತುಕೊಂಡೇ ನಾನು ಲಂಡನ್ನಿಗೆ ಬಂದೆ. ನನ್ನ ಗಂಡ ಮೈಸೂರಿನವರು. ಆ ಕಡೆಯವರಿಗೆ ಅಡ್ಡಹೆಸರೇ ಇಲ್ಲ, ಹೆಸರಿನ ಜೊತೆಗೆ ಒಂದೆರಡು ಇನಿಷಿಯಲ್ಲು, ಅಷ್ಟೆ. ವೀಸಾ ಮಾಡಿಸುವಾಗ ಸರ್‌ನೇಮ್ ಬೇಕೇ ಬೇಕೆಂದರು, ಇವರು ಅಪ್ಪನ ಹೆಸರನ್ನೇ ಅಲ್ಲಿ ತುಂಬಿಸಿದರು. ಪರಿಣಾಮ? ಜಿಪಿ ಡಾಕ್ಟರ ಹತ್ತಿರ ಹೋದರೆ ನರ್ಸ್ ಬಾಗಿಲಲ್ಲಿ ನಿಂತು ಇವರನ್ನು ನಮ್ಮ ಮಾವನವರ ಹೆಸರು ಹಿಡಿದು ಕರೆಯುತ್ತಾಳೆ! ನಾನೋ, ಸೊಸೆ, ಮಾವನ ಹೆಸರು ಬಾಯಿಬಿಟ್ಟು ಒಮ್ಮೆಯೂ ಹೇಳಿದವಳಲ್ಲ. ಮೊದಲ ಸಲ ಕರೆದಾಗ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಹೋಗಿ, ಮೈಮೇಲೆ ಇರುವುದು ಕೋಟು ಎಂದು ಗೊತ್ತಾಗಿ ನಕ್ಕಿದ್ದೆ.

ಮಗಳು ಹುಟ್ಟಿದಾಗ ಇವರೇ ಹೇಳಿದರು: “ನಿಂದೇ ಇಡೋಣ ಕಣೇ. ನಮ್ಮಪ್ಪನ ಹೆಸರು ಹಿಡಿದು ಯಾರೋ ಟೀಚರ್ ಈ ಮಗೂನ ಬೈಯ್ಯೋದು ಚೆನ್ನಾಗಿರಲ್ಲ. ನಿಂದಾದ್ರೆ ಒಂದು ಮನೆತನದ ಹೆಸರು.” ಅತ್ತೆಯವರು ಫೋನಿನಲ್ಲಿ ಮುಖ ಊದಿಸಿಕೊಂಡರು, ಊದಿಸಿಕೊಳ್ಳಲಿ. ನಮ್ಮ ಮಗಳು ಕುಂಬಾರಳಾಗಿ ಶಾಲೆಗೆ ಹೋದಳು, ಕುಂಬಾರಳಾಗಿ ಡಿಗ್ರಿ ಮುಗಿಸಿದಳು, ಕ್ರೋಯ್ಡನ್ನಿನ ಒಂದು ಆಫೀಸಿನಲ್ಲಿ ಕಟ್ಟಡಗಳ ನಕ್ಷೆ ಮಾಡುವ ಕೆಲಸಕ್ಕೆ ಸೇರಿದಳು. ಇವರ ಕಡೆಯ ಕೆಲವರು ಸ್ಟ್ಯಾನ್ಮೋರಿನ ದೊಡ್ಡ ಮನೆಗಳಲ್ಲಿ ಯುಗಾದಿಗೆ ಸೇರಿದಾಗ ನನ್ನ ಅಡ್ಡಹೆಸರು ಕೇಳಿ ‘ಓ…’ ಎಂದು ಎಳೆಯುತ್ತಾರೆ. ಆ ‘ಓ’ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿಲ್ಲವೇ? “ಹೌದ್ರೀ, ಗಡಿಗಿ ಮಾಡೋ ಕುಂಬಾರ್ರು, ಖಾಸಾ” ಎಂದು ನಾನೇ ಬಿಡಿಸಿ ಹೇಳಿ, ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳುತ್ತೇನೆ.

ಲೈಬ್ರರಿಯಲ್ಲಿ ಕೂಗಿದೆನಲ್ಲ, ಅದರ ಮರುದಿನ ಭಾನುವಾರ ಮಗಳು ಊಟಕ್ಕೆ ಬಂದಿದ್ದಳು. ಬೇಸಿಗೆಯಲ್ಲಿ ಅವಳ ಮದುವೆ ಎಂದು ಆಗಲೇ ನಿಶ್ಚಯವಾಗಿತ್ತು. ಹುಡುಗ ಇಲ್ಲಿಯವನೇ, ಇಂಗ್ಲಿಷಿನವನು. ತಾನು ಕಲಿಸುವ ಶಾಲೆಯ ಮಕ್ಕಳಂತೆಯೇ ತಾನೂ ಚಾಕಲೇಟು ತಿನ್ನುವ ಸಾದಾ ಹುಡುಗ. ಅವನ ಸರ್‌ನೇಮಿಗೆ ಹಿಟ್ಟು ಬೀಸುವವನು ಎಂದರ್ಥ. ನಾನು ಸಾರು ಬಡಿಸುತ್ತ ರಷ್ಯನ್ ಲೇಖಕನ ಸುದ್ದಿ ಶುರು ಮಾಡಿದೆ. ಆ ಲೇಖಕನ ಮನೆಯವರು ಧಾನ್ಯದ ವ್ಯಾಪಾರಿಗಳಂತೆ. ಅವನು ಸರ್ಕಾರಿ ಕೆಲಸ ಮಾಡುತ್ತಲೇ ದೊಡ್ಡ ದೊಡ್ಡ ಕಾದಂಬರಿ ಬರೆದನಂತೆ. ಒಮ್ಮೆ ಹಡಗಿನಲ್ಲಿ ದೂರ ಪ್ರಯಾಣ ಹೊರಟಾಗ ಈ ಲಂಡನ್ನಿನ ಬೀದಿಗಳಲ್ಲೂ ತಿರುಗಾಡಿದ್ದನಂತೆ. ಊರೂರೇ ಆಳುತ್ತಿದ್ದ ಜಮೀನ್ದಾರ ಲೇಖಕರ ನಡುವೆ ಕುಂಬಾರನೆಂಬ ಹೆಸರು ಹೊತ್ತೇ ತಲೆ ಎತ್ತಿ ನಡೆದನಲ್ಲ! ಪುಸ್ತಕದ ಬೆನ್ನ ಮೇಲೆ ನಮ್ಮ ಹೆಸರು, ದಪ್ಪ ಅಕ್ಷರದಲ್ಲಿ!

ಮಗಳು ನಮ್ಮ ಕನ್ನಡಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು. ಇಲ್ಲಿ ಅವಳ ಮಾತನ್ನು ನಾನೇ ಕನ್ನಡಕ್ಕೆ ಇಳಿಸಿದ್ದೇನೆ. ಚಮಚ ಕೆಳಗಿಟ್ಟು ಹೇಳಿದಳು: “ಅಮ್ಮಾ, ಮದುವೆ ಆದಮೇಲೆ ನಾನು ಅವನ ಸರ್‌ನೇಮ್ ಹಾಕಿಕೊಳ್ಳೋಣ ಅಂತಿದೀನಿ.”

ಸೌಟು ಪಾತ್ರೆಗೆ ಬಡಿದು ಸಾರು ಮೇಜಿನ ಮೇಲೆಲ್ಲ ಚೆಲ್ಲಿತು. “ಯಾಕ? ನಮ್ಮದಕ್ಕೇನಾಗೇತಿ?”

“ಏನೂ ಆಗಿಲ್ಲ. ಅದು ಬರೀ ಒಂದು ಹೆಸರು ಅಷ್ಟೆ. ನಿನ್ನ ಆ ರಷ್ಯನ್ ಲೇಖಕ ಯಾವತ್ತಾದರೂ ಗಡಿಗೆ ಮಾಡಿದ್ದನಾ?”

“ಇಲ್ಲ. ಯಾವ ಕಾಲದ ಮುತ್ತಜ್ಜ ಮಾಡಿದ್ದನೋ.”

“ನೀನು ಮಾಡಿದೀಯಾ?”

ಚೆಲ್ಲಿದ ಸಾರು ಒರೆಸತೊಡಗಿದೆ. ನನ್ನನ್ನು ಓದಿಸಲೆಂದು ಅವ್ವ ಹಲಗೆಯನ್ನು ನನ್ನ ಕೈಗೇ ಕೊಟ್ಟಿರಲಿಲ್ಲ. ನಾನು ಗೆರೆ ಬರೆದಿದ್ದೆ, ಮಣ್ಣು ಸೋಸಿದ್ದೆ, ಗಡಿಗೆ ಮಾಡಿರಲಿಲ್ಲ. ಮಗಳು ಮೆತ್ತಗೆ ಹೇಳಿದಳು: “ನೋಡು, ಅಜ್ಜಿಗೆ ಅದು ಕೆಲಸ ಆಗಿತ್ತು. ನಮಗೆ ಬರೀ ಶಬ್ದ.” ಅವಳ ದನಿಯಲ್ಲಿ ತಾತ್ಸಾರವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಇವರು, “ಹಿಟ್ಟು ಬೀಸೋರೂ ನಮ್ಮಂಥೋರೇ ಬಿಡೇ” ಎಂದು ನಗಿಸಲು ಹೋದರು. ನಾನು ನಗಲಿಲ್ಲ.

ಮೂಗಿನ ತುದಿಯಲ್ಲಿ ಸಿಟ್ಟಿರುವ ಹೆಂಗಸು ನಾನು. ಆದರೂ ಒಂದು ಮಾತನ್ನು ಆ ದಿನವೇ ಗಟ್ಟಿ ಮಾಡಿಕೊಂಡೆ. ಹೆಸರು ಇಟ್ಟುಕೊಳ್ಳೇ ತಾಯಿ ಎಂದು ಅವಳನ್ನು ಕೇಳುವುದಿಲ್ಲ. ಕೇಳಿ ಇಸಿದುಕೊಂಡರೆ ಅದು ಭಿಕ್ಷೆ. ನಮ್ಮ ಬಾಗಿಲಿಗೆ ಬಂದು ಕೇಳುತ್ತಿದ್ದವರು ಬೇರೆಯವರು, ನಾವಲ್ಲ. ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು. ನನ್ನ ಜೊತೆಗೆ ಆ ಹೆಸರು ಮುಗಿದುಹೋಗುತ್ತದಲ್ಲ!

ಮದುವೆಯ ತಯಾರಿ ನಡೆದಾಗ ಐರಾಣಿಯ ಮಾತು ತೆಗೆದೆ. ಸ್ಟ್ಯಾನ್ಮೋರಿನ ಗೆಳತಿಯೊಬ್ಬರು, ಬೆಂಗಳೂರಿನವರು, “ಅದಕ್ಯಾಕೆ ಇಷ್ಟು ಯೋಚನೆ ಮಾಡ್ತೀರ, ನಾನು ತರ್ತೀನಿ” ಎಂದು ಹೋಗಿ, ಕಾರಿನ ತುಂಬ ಮಣ್ಣಿನ ಗಡಿಗೆ ತುಂಬಿಕೊಂಡು ಬಂದರು. ಕೆಂಪಗೆ, ಚಂದಗೆ, ಒಂದೇ ಅಳತೆಯವು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಬುಡದಲ್ಲಿ ತೂತು! ಗಿಡ ನೆಡುವ ಕುಂಡಗಳು. ಇವರು ನಕ್ಕೂ ನಕ್ಕೂ ಸೋಫಾದಲ್ಲಿ ಉರುಳಿದರು. “ಏನಾಯ್ತು, ಟೇಪ್ ಹಾಕಿದ್ರೆ ಆಯ್ತಲ್ವಾ?” ಎಂದರು ಗೆಳತಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ.

“ಅಯ್ಯ ನಮ್ಮವ್ವಾ, ಏನ್ ಮಾತಾಡ್ತೀರಿ! ಬುಡಾ ಕೂಡಸೂದ ನಮ್ಮ ಮನಿ ಹೆಂಗಸರ ಕೆಲಸ. ಅಂಥಾ ಮನಿ ಮದವೀಗೆ ತೂತಿನ ಗಡಿಗ್ಯಾ?” ಎಂದೆ. ಗೆಳತಿ ಕಣ್ಣು ಕಣ್ಣು ಬಿಟ್ಟರು. ಕುಂಡಗಳನ್ನು ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಸಾಲಾಗಿ ಇಟ್ಟೆವು. ಈಗ ಅವುಗಳಲ್ಲಿ ಕೊತ್ತಂಬರಿ ಬೆಳೆಯುತ್ತಿದೆ, ದಂಡವೇನೂ ಆಗಲಿಲ್ಲ.

ಮರುದಿನವೇ ಬಸ್ಸು ಹಿಡಿದು ಹೋಗಿ, ದೊಡ್ಡವರಿಗೆ ಮಣ್ಣಿನ ಕೆಲಸ ಕಲಿಸುವ ಸಂಜೆಯ ಕ್ಲಾಸಿಗೆ ಹೆಸರು ಹಚ್ಚಿದೆ. ಕಲಿಸುವವಳು ಚಿಕ್ಕ ವಯಸ್ಸಿನ ಹುಡುಗಿ. ನನ್ನ ಅಡ್ಡಹೆಸರಿನ ಅರ್ಥ ಹೇಳಿದಾಗ ಅವಳ ಕಣ್ಣು ಅರಳಿತು. ‘ಹಾಗಾದರೆ ನಿಮ್ಮ ರಕ್ತದಲ್ಲೇ ಇದೆ!’ ಎಂದಳು. ರಕ್ತದಲ್ಲಿ ಏನೂ ಇರಲಿಲ್ಲ ಎಂದು ಕರೆಂಟಿನ ತಿಗರಿ ಗರಗರ ತಿರುಗಿದ ತಕ್ಷಣ ಗೊತ್ತಾಯಿತು. ಮಣ್ಣು ನನ್ನ ಮುಖಕ್ಕೇ ಬಂದು ಬಡಿಯಿತು. ಪಕ್ಕದಲ್ಲಿದ್ದ ನಿವೃತ್ತ ಬಸ್ ಡ್ರೈವರು ಬಟ್ಟಲಿನ ಮೇಲೆ ಬಟ್ಟಲು ಇಳಿಸುತ್ತಿದ್ದಾಗ ನನ್ನದು ಬರೀ ಕೆಸರಿನ ಗುಡ್ಡೆ. ನಮ್ಮ ಮನೆಯಲ್ಲಿ ತಿಗರಿಗೆ ಕೂತ ಮೊದಲ ಹೆಂಗಸು ನಾನೇ ಎಂದು ನನಗೆ ನಾನೇ ಹೇಳಿಕೊಂಡು ಮುಂದಿನ ವಾರವೂ ಹೋದೆ. ಅದರ ಮುಂದಿನ ವಾರವೂ.

ಚಳಿ ಕಳೆಯುವ ಹೊತ್ತಿಗೆ ಬಳೆಯೇನೋ ಎದ್ದಿತು. ಅವ್ವ ಅನ್ನುತ್ತಿದ್ದಳಲ್ಲ, ಬರೀ ಬಳೆ, ಅಷ್ಟು. ಇನ್ನು ಬುಡ. ಕಲಿಸುವ ಹುಡುಗಿಗೆ ಬುಡ ಬಿಟ್ಟು ಎತ್ತಿ ಆಮೇಲೆ ತಟ್ಟಿ ಕೂಡಿಸುವ ಪದ್ಧತಿಯ ಅಭ್ಯಾಸವಿರಲಿಲ್ಲ, ನಾನೂ ಬರೀ ನೋಡಿದ್ದವಳು. ಇಬ್ಬರೂ ಸೇರಿ ಹುಡುಕಿದೆವು. ಮನೆಯಿಂದ ರೊಟ್ಟಿ ತಿರುವುವ ಮರದ ಹಲಗೆ ಒಯ್ದೆ. ದುಂಡುಕಲ್ಲಿಗಾಗಿ ಇವರನ್ನು ಥೇಮ್ಸ್ ದಂಡೆಗೆ ಎಳೆದುಕೊಂಡು ಹೋದೆ. ನೀರು ಇಳಿದಾಗ ಬಗ್ಗಿ ಬಗ್ಗಿ ಕಲ್ಲು ಆರಿಸುತ್ತ ಇವರು, “ಕೌನ್ಸಿಲ್ನೋರು ನೋಡಿದ್ರೆ ಹಿಡ್ಕೊಂಡು ಹೋಗ್ತಾರೆ ಕಣೇ” ಎಂದು ಗೊಣಗಿದರು. ಆದರೂ ಸರಿಯಾದ ಕಲ್ಲನ್ನು ಹುಡುಕಿ ಕೊಟ್ಟವರು ಅವರೇ.

ಮಳೆ ಹೊಡೆಯುತ್ತಿದ್ದ ಒಂದು ಸಂಜೆ ಮಗಳು ನನ್ನನ್ನು ಕರೆದೊಯ್ಯಲು ಕಾರು ತಂದಳು. ಐರಾಣಿಯ ಗಡಿಗೆ ನಾನೇ ಮಾಡುತ್ತೇನೆಂದು ಅವಳಿಗೆ ಗೊತ್ತಿತ್ತು, ಆದರೆ ಹಟದ ಮಾತು ಎಂದುಕೊಂಡಿದ್ದಳು. ಬಾಗಿಲಲ್ಲೇ ನಿಂತಳು. ನಾನು ಮೊಣಕೈವರೆಗೆ ಮಣ್ಣಾಗಿ ಕೂತು, ಎಡಗೈ ಗಡಿಗೆಯೊಳಗೆ, ಬಲಗೈಯಲ್ಲಿ ಹಲಗೆ, ತಟ್ಟುತ್ತಿದ್ದೆ. ತಪ್ ತಪ್ ತಪ್. ಬೆಳಗಿನ ನಿದ್ದೆಯಲ್ಲಿ ಕೇಳುತ್ತಿದ್ದ ಅವ್ವನ ಸದ್ದು ನನ್ನ ಕೈಯಿಂದಲೇ ಬರುತ್ತಿತ್ತು. ಕಣ್ಣ ಮುಂದೆಯೇ ಗಡಿಗೆಯ ಬುಡದ ಬಾಯಿ ಕಿರಿದಾಗುತ್ತ, ಕಿರಿದಾಗುತ್ತ, ಮುಚ್ಚಿಕೊಂಡಿತು. ಯವ್ವಾ, ಆ ಸಂತೋಷ! ಕೂಗಬೇಕೆನಿಸಿತು. ಕೂಗಿದೆ ಕೂಡ.

ಮಗಳು ಕೋಟು ಬಿಚ್ಚಿ ಪಕ್ಕದ ಸ್ಟೂಲಿನಲ್ಲಿ ಕೂತಳು. “ನಾನೊಮ್ಮೆ ನೋಡಲಾ?” ಎಂದಳು. ಇನ್ನೊಂದು ಬಳೆಯನ್ನು ಅವಳ ಮುಂದೆ ಇಟ್ಟು ಕಲ್ಲು ಅವಳ ಎಡಗೈಗೆ ಕೊಟ್ಟೆ. ಮೊದಲ ಏಟಿಗೇ ಒಂದು ಕಡೆ ನೆಗ್ಗಿ ಹೋಯಿತು. “ಬಡೀಬ್ಯಾಡ, ತಟ್ಟು. ಕೂಸಿನ ಬೆನ್ನು ತಟ್ಟಿದಂಗ” ಎಂದೆ. ಕ್ಲಾಸು ಮುಗಿಯುವತನಕ ಇಬ್ಬರೂ ತಟ್ಟುತ್ತಲೇ ಇದ್ದೆವು. ಅವಳ ಗಡಿಗೆಯ ಹೊಟ್ಟೆ ಒಂದು ಕಡೆ ವಾಲಿತ್ತು, ಆದರೆ ಬುಡ ಕೂಡಿತ್ತು. ಕಾರಿನಲ್ಲಿ ನಾವು ಹೆಸರಿನ ಮಾತು ಎತ್ತಲಿಲ್ಲ. ನನ್ನ ನಾಲಿಗೆಯ ತುದಿಗೆ ಬಂದಿತ್ತು, ಕಚ್ಚಿಕೊಂಡೆ.

ಕೆಲವು ದಿನ ಬಿಟ್ಟು ಅವಳಿಂದ ಒಂದು ಮೆಸೇಜು: ‘ಟ್ರೇನಿನಲ್ಲಿ ನಿನ್ನ ಕುಂಬಾರನನ್ನು ಓದುತ್ತಿದ್ದೇನೆ. ತುಂಬಾ ನಗಿಸುತ್ತಾನೆ.’ ನಾನು ಹೆಬ್ಬೆಟ್ಟಿನ ಚಿತ್ರ ಕಳಿಸಿ ಸುಮ್ಮನಾದೆ.

ಕ್ಲಾಸಿನ ಭಟ್ಟಿಯಿಂದ ಗಡಿಗೆಗಳು ಹೊರಬಂದ ದಿನ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದೆ. ಬಿರುಕು ಬಿಟ್ಟದ್ದು ಮಂಕು ಸದ್ದು ಮಾಡುತ್ತದೆ. ಎರಡು ಹಾಗೆ ಹೋದವು. ಉಳಿದ ಐದೂ ಠಣ್ ಎಂದವು, ಮಗಳ ವಾಲಿದ ಗಡಿಗೆಯೂ. ಅಡುಗೆಮನೆಯ ಮೇಜಿನ ಮೇಲೆ ಪೇಪರು ಹಾಸಿ ಬಿಳಿ, ಕೆಂಪು ಗೆರೆ ಬರೆದೆ. ಅದೊಂದು ಕೈ ಮರೆತಿರಲಿಲ್ಲ.

ಮದುವೆಯ ಹಿಂದಿನ ದಿನ ಹುಡುಗನ ಕಡೆಯವರು ಐರಾಣಿ ಒಯ್ಯಲು ನಮ್ಮ ಫ್ಲ್ಯಾಟಿಗೆ ಬಂದರು. ಕುಂಬಾರರ ಮನೆಯದೇ ಮದುವೆಯಾದರೆ ಬೀಗರು ಬಂದು ಕೇಳಬೇಕು, ಅದು ನಮ್ಮ ಮನೆಯ ಪದ್ಧತಿ. ಅವ್ವನ ಕಥೆ ಹೇಳಿ, ಹೇಗೆ ಕೂಗಬೇಕೆಂದು ಮಗಳ ಎದುರಿಗೇ ಅಳಿಯನಿಗೆ ಮೊದಲೇ ಕಲಿಸಿದ್ದೆ. ಲಿಫ್ಟಿನಲ್ಲಿ ಎಲ್ಲರೂ ಹಿಡಿಸದೆ ಅರ್ಧ ಮಂದಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದರು. ಇವರ ಫೋನಿನಿಂದ ಸ್ಪೀಕರಿನಲ್ಲಿ ಶಹನಾಯಿ. ಎದುರು ಫ್ಲ್ಯಾಟಿನ ಪೋಲಿಷ್ ಅಜ್ಜಿ ಬಾಗಿಲು ತೆರೆದು, ನೋಡಿ, ಒಳಗೆ ಹೋಗಿ ಕುರ್ಚಿಯನ್ನೇ ತಂದು ಕೂತರು. ನಾನು ಎಲ್ಲಿದ್ದೆ? ಕನ್ನಡಿಯ ಮುಂದೆ. ತುರುಬು ಕಟ್ಟಿಕೊಳ್ಳುತ್ತಿದ್ದೆ, ಸಾವಕಾಶ.

“ಬಾರೇ, ಪಾಪ, ಹುಡುಗನ ತಾಯಿ ಅಕ್ಕಿ ತಟ್ಟೆ ಹಿಡ್ಕೊಂಡು ನಿಂತಿದಾರೆ” ಎಂದರು ಇವರು.

“ನಿಂದರ್ಲಿ. ಗೌಡರ ಹೆಂಡ್ತಿನ ನಿಂತಿದ್ಲು” ಎಂದೆ.

ತುರುಬು ಮುಗಿಸಿ, ಮಗಳ ವಾಲಿದ ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲ ಹಿಂದೆ ಬಂದೆ. ಮಗಳು ಅರಿಷಿಣ ಹಚ್ಚಿದ ಮುಖದಲ್ಲಿ ಅಲ್ಲೇ ನಿಂತಿದ್ದಳು. ಶಹನಾಯಿ ನಿಂತಿತು. ಆಮೇಲೆ ಅಳಿಯನ ದನಿ, ತಡವರಿಸುತ್ತ, ಆದರೆ ಪೂರ್ತಿ: “ಕುಂಬಾರ್ರ ಮನಿಯವರ, ಐರಾಣಿ ಕೊಡ್ರಿ!”

ನಾನು ಉತ್ತರ ಕೊಡಲು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಿಂದ ಮಗಳು ಕೂಗಿದಳು: “ಯಾರು? ಕೇಳವಲ್ದು!”

ಇದು ನಾನು ಇಳಿಸಿದ ಕನ್ನಡ ಅಲ್ಲ, ಅವಳದ್ದೇ. ನಾನು ಬಾಯಿ ಬಿಟ್ಟುಕೊಂಡೇ ನಿಂತೆ. ಹೊರಗೆ ನಗು ಎದ್ದಿತು. ಈ ಸಲ ಹುಡುಗ, ಅವನ ತಾಯಿ, ತಂದೆ, ಮೆಟ್ಟಿಲು ಹತ್ತಿ ಬಂದವರು ಎಲ್ಲರೂ ಸೇರಿ ನಮ್ಮ ಹೆಸರು ಹಿಡಿದು ಕೂಗಿದರು. ಹಿಟ್ಟು ಬೀಸುವವರ ಇಡೀ ಬಳಗ ಹೌನ್ಸ್ಲೋದ ಕಾರಿಡಾರಿನಲ್ಲಿ ನಿಂತು ಕುಂಬಾರರ ಮನೆಯವರನ್ನು ಕರೆಯುತ್ತಿತ್ತು. ನಮ್ಮವ್ವ ಇದನ್ನು ಕೇಳಬೇಕಿತ್ತು.

ಮಗಳು ಬಾಗಿಲು ತೆರೆದಳು. “ಅದೀವಿ” ಎಂದಳು. “ಕುಂಬಾರ್ರು ಅದೀವಿ. ಒಳಗ ಬರ್ರಿ.”

ಎಲ್ಲರೂ ಚಪ್ಪಲಿ ಬಿಡುವ ಗಲಾಟೆಯಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು. “ಅಮ್ಮಾ, ಹೆಸರು ಬದಲಾಯಿಸಲ್ಲ. ಅವನಿಗೂ ಹೇಳಿದೀನಿ.”

“ನಿನ್ನ ಕೇಳಿದವರ‍್ಯಾರ?” ಎಂದೆ.

ಅವಳು ನಕ್ಕಳು. ಎರಡೂ ಕೈಯಲ್ಲಿ ಗಡಿಗೆ ಇದ್ದುದರಿಂದ ನನಗೆ ಕಣ್ಣು ಒರೆಸಿಕೊಳ್ಳಲು ಆಗಲಿಲ್ಲ. ಅವಳೇ ಸೆರಗಿನಿಂದ ಒರೆಸಿದಳು.